ಇಪ್ಪತ್ತು ವರ್ಷಕ್ಕೆ ನಾಲ್ಕೇ ಆಲ್ಬಂ: ಬ್ಲೂ ನೈಲ್ ಮತ್ತು ಕೈಬಿಡದ ಕೇಳುಗರು

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ 'ದಿ ಬ್ಲೂ ನೈಲ್' ಬ್ಯಾಂಡು 1984ರಿಂದ 2004ರ ತನಕ ಹೊರತಂದಿದ್ದು ನಾಲ್ಕೇ ಆಲ್ಬಂ. ಎಲ್ಲ ಕೂಡಿಸಿದರೂ 33 ಹಾಡು. ಹೆಚ್ಚು ಮಾರಾಟವಾಗುವ ಹಾಡುಗಳ ಬ್ರಿಟನ್ನಿನ ಟಾಪ್ 40 ಪಟ್ಟಿಗೆ ಅವರ ಒಂದು ಸಿಂಗಲ್ಲೂ (ಬಿಡಿಯಾಗಿ ತಂದ ಹಾಡು) ಹತ್ತಲಿಲ್ಲ. 2004ರ ನಂತರ ಹೊಸ ಆಲ್ಬಂ ಬಂದೇ ಇಲ್ಲ. ಇಷ್ಟಾದರೂ ಅವರ ಹಾಡಿಗೆ ಮನಸೋತವರು ಅವರನ್ನು ಬಿಟ್ಟುಕೊಟ್ಟಿಲ್ಲ. ಮೊದಲ ಆಲ್ಬಂ ಬಂದಾಗ ಇಪ್ಪತ್ತರ ಆಸುಪಾಸಿನಲ್ಲಿ ಇದ್ದವರಿಗೆ ಈಗ ಅರವತ್ತು ದಾಟಿದೆ. ಅದೇ ಹಾಡನ್ನು ಇವತ್ತಿನ ಇಪ್ಪತ್ತರ ಹುಡುಗ ಹುಡುಗಿಯರೂ ಕೇಳುತ್ತಿದ್ದಾರೆ. ಜಾಹೀರಾತಿಲ್ಲ, ಹಿಟ್ ಇಲ್ಲ, ಬ್ಯಾಂಡಿನವರು ಕಣ್ಣಿಗೂ ಬೀಳುವುದಿಲ್ಲ. ಹಾಗಿದ್ದರೂ ಈ ಪ್ರೀತಿ ನಲವತ್ತು ವರ್ಷ ಹೇಗೆ ಉಳಿಯಿತು?

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದಿದೆ. ಅವರು ಕಡಿಮೆ ಕೊಟ್ಟರು, ಅದಕ್ಕೇ ಬೆಲೆ ಬಂತು ಅಂತ. ನನಗೆ ಈ ಉತ್ತರ ಸಾಕಾಗುವುದಿಲ್ಲ. ಒಂದೆರಡು ಆಲ್ಬಂ ಮಾಡಿ ಸುಮ್ಮನಾದ ಬ್ಯಾಂಡುಗಳು ಎಷ್ಟೋ ಇವೆ. ಅವುಗಳಲ್ಲಿ ಹೆಚ್ಚಿನವನ್ನು ಜನ ಮರೆತೂ ಆಯ್ತು. ಕಡಿಮೆ ಸಿಕ್ಕಿದ್ದೆಲ್ಲ ಪ್ರೀತಿ ಗಳಿಸುವುದಿಲ್ಲ. ಇಲ್ಲಿ ಬೇರೆ ಏನೋ ನಡೆದಿದೆ. ಅದನ್ನು ನೋಡಬೇಕಾದರೆ ಹಾಡು ಹೇಗೆ ಹುಟ್ಟಿತು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನೋದನ್ನು ಹಿಂಬಾಲಿಸಬೇಕು.

ಶುರುವಾಗಿದ್ದು

ಪಾಲ್ ಬ್ಯುಕ್ಯಾನನ್, ರಾಬರ್ಟ್ ಬೆಲ್, ಪಾಲ್ ಜೋಸೆಫ್ ಮೂರ್ ಮೂವರೂ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದಿದವರು. 1981ರಲ್ಲಿ ಬ್ಯಾಂಡು ಕಟ್ಟಿದರು. ಬ್ಯುಕ್ಯಾನನ್ ಹಾಡುತ್ತಿದ್ದರು, ಗಿಟಾರು ನುಡಿಸುತ್ತಿದ್ದರು. ಬೆಲ್ ಕೈಯಲ್ಲಿ ಬೇಸ್, ಮೂರ್ ಕೈಯಲ್ಲಿ ಕೀಬೋರ್ಡು. ಬ್ಯಾಂಡಿಗೆ ಖಾಯಂ ಡ್ರಮ್ಮರ್ ಇರಲಿಲ್ಲ. ಆ ಜಾಗಕ್ಕೆ ಡ್ರಮ್ ಮಷೀನು ಬಂತು. ಇದ್ದ ಸಾಮಾನೇ ಕಡಿಮೆ, ಹಾಗಾಗಿ ಒಂದೊಂದು ಸದ್ದನ್ನೂ ಯೋಚಿಸಿ ಬಳಸುವುದು ಅವರಿಗೆ ಮೊದಲಿನಿಂದಲೂ ರೂಢಿಯಾಯಿತು.

ಅದೇ ವರ್ಷ 'ಐ ಲವ್ ದಿಸ್ ಲೈಫ್' ಎಂಬ ಸಿಂಗಲ್ಲನ್ನು ಸ್ವಂತ ಖರ್ಚಿನಲ್ಲಿ ತಂದರು. ಬೀ ಜೀಸ್‌ ಎಂಬ ಹೆಸರಾಂತ ತಂಡದ ಹಾಡುಗಳನ್ನು ತಂದಿದ್ದ ಆರ್‌ಎಸ್‌ಒ ಕಂಪನಿ ಅದನ್ನು ಎತ್ತಿಕೊಂಡಿತು. ಅದೃಷ್ಟ ನೋಡಿ, ಅಷ್ಟರಲ್ಲೇ ಆ ಕಂಪನಿ ಪಾಲಿಗ್ರಾಮ್ ಎಂಬ ಇನ್ನೊಂದು ರೆಕಾರ್ಡ್ ಕಂಪನಿಯ ಒಳಗೆ ಸೇರಿಹೋಯಿತು. ಆ ಗದ್ದಲದಲ್ಲಿ ಸಿಂಗಲ್ಲನ್ನು ಕೇಳುವವರೇ ಇಲ್ಲವಾದರು.

ಆಗಿನ ಗ್ಲಾಸ್ಗೋ ಬಗ್ಗೆ ಒಂದು ಮಾತು. ಒಂದು ಕಾಲಕ್ಕೆ ಕ್ಲೈಡ್ ನದಿಯ ದಂಡೆಯಲ್ಲಿ ಕಟ್ಟಿದ ಹಡಗುಗಳು ಪ್ರಪಂಚವೆಲ್ಲ ಓಡಾಡುತ್ತಿದ್ದವು. 1980ರ ದಶಕದ ಹೊತ್ತಿಗೆ ಯಾರ್ಡುಗಳು ಒಂದೊಂದಾಗಿ ಬಾಗಿಲು ಹಾಕಿದ್ದವು, ಕೆಲಸ ಕಳೆದುಕೊಂಡವರು ಬೀದಿ ಬೀದಿಯಲ್ಲಿದ್ದರು. ಮರಳುಗಲ್ಲಿನ ಹಳೇ ವಠಾರದ ಮನೆಗಳು, ಹೊಗೆ ಹಿಡಿದ ಗೋಡೆಗಳು, ಬಿಡದ ಮಳೆ. ಬ್ಲೂ ನೈಲ್ ಹಾಡುಗಳಲ್ಲಿ ಇದರ ಬಗ್ಗೆ ದೂರೂ ಇಲ್ಲ, ಘೋಷಣೆಯೂ ಇಲ್ಲ. ಆದರೆ ಒದ್ದೆ ರಸ್ತೆ ಇದೆ, ಕಿಟಕಿಯ ಬೆಳಕಿದೆ, ರಾತ್ರಿ ರೈಲಿದೆ. ಇಂಥ ಊರಿನಲ್ಲೂ ಯಾರೋ ಯಾರನ್ನೋ ಪ್ರೀತಿಸುತ್ತಿದ್ದಾರೆ, ಅದು ನಾಳೆಯೂ ಇರುತ್ತದಾ ಅಂತ ಚಿಂತೆ ಮಾಡುತ್ತಿದ್ದಾರೆ. ಅವರ ಹಾಡುಗಳ ಜೀವಾಳವೇ ಇದು.

ಟರ್ನ್‌ಟೇಬಲ್ ಕಂಪನಿಯ ನಂಟು

ಎಡಿನ್‌ಬರದ ಹತ್ತಿರ ಪೆನ್‌ಕೇಟ್‌ಲ್ಯಾಂಡ್ ಎಂಬ ಹಳ್ಳಿಯಲ್ಲಿ ಕಾಸಲ್ ಸೌಂಡ್ ಎಂಬ ಸ್ಟುಡಿಯೋ ಇತ್ತು. ಹಳೇ ಶಾಲೆಯ ಕಟ್ಟಡವೊಂದರಲ್ಲಿ ಅದನ್ನು ನಡೆಸುತ್ತಿದ್ದವರು ಸೌಂಡ್ ಎಂಜಿನಿಯರ್ ಕ್ಯಾಲಮ್ ಮ್ಯಾಲ್ಕಮ್. ಬ್ಲೂ ನೈಲ್ ಡೆಮೋ (ಕಂಪನಿಗಳಿಗೆ ಕೇಳಿಸುವ ಮಾದರಿ ಹಾಡು) ರೆಕಾರ್ಡ್ ಆಗಿದ್ದು ಅವರ ಬಳಿ. ರೆಕಾರ್ಡು ಕೇಳುವ ಟರ್ನ್‌ಟೇಬಲ್ ಥರದ ಹೈಫೈ ಸಾಧನ ಮಾಡುವ ಲಿನ್ ಎಂಬ ಗ್ಲಾಸ್ಗೋದ ಕಂಪನಿಗೂ ಅವರಿಗೂ ಒಡನಾಟ ಇತ್ತು. ಲಿನ್ ಹೆಸರು ಮಾಡಿದ್ದು ಸೊಂಡೆಕ್ ಎಲ್‌ಪಿ12 ಎಂಬ ಟರ್ನ್‌ಟೇಬಲ್‌ನಿಂದ. ಆ ಕಂಪನಿಯವರು ಡೆಮೋ ಕೇಳಿದರು, ಮೆಚ್ಚಿದರು. ಆ ಮೆಚ್ಚುಗೆಯಿಂದಲೇ ಒಂದು ರೆಕಾರ್ಡ್ ಲೇಬಲ್ ಶುರುವಾಯಿತು. ಬ್ಯಾಂಡಿನವರು ಸಹಿ ಹಾಕಲು ತಿಂಗಳುಗಟ್ಟಲೆ ತೆಗೆದುಕೊಂಡರು. ಅವಸರ ಅನ್ನೋದು ಅವರ ಜಾಯಮಾನದಲ್ಲೇ ಇರಲಿಲ್ಲ.

1984ರಲ್ಲಿ 'ಎ ವಾಕ್ ಅಕ್ರಾಸ್ ದ ರೂಫ್‌ಟಾಪ್ಸ್' ಬಂತು. ಏಳು ಹಾಡು. ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ಅದು ಏರಿದ್ದು 80ನೇ ಸ್ಥಾನದ ತನಕ ಮಾತ್ರ. ಮಾರಾಟದ ಲೆಕ್ಕದಲ್ಲಿ ಅದು ಸೋಲು. ಆದರೆ ವಿಮರ್ಶಕರು ಕಿವಿ ನೆಟ್ಟಗೆ ಮಾಡಿದರು. ಸ್ಪೀಕರು, ಟರ್ನ್‌ಟೇಬಲ್ ಹುಚ್ಚಿನವರಿಗೂ ಈ ರೆಕಾರ್ಡು ಅಚ್ಚುಮೆಚ್ಚಾಯಿತು. ಒಳ್ಳೆಯ ಸೌಂಡ್ ಸಿಸ್ಟಂ ಹೇಗೆ ಕೇಳಿಸುತ್ತದೆ ಅಂತ ತೋರಿಸಲು ಹಾಕುವ ರೆಕಾರ್ಡು ಅಂತ ಅದಕ್ಕೆ ಹೆಸರು ಬಂತು.

ಈ ಬ್ಯಾಂಡಿನ ಮಟ್ಟಿಗೆ ಇದು ಸಣ್ಣ ವಿಷಯ ಅಲ್ಲ ಅಂತ ನನಗೆ ಅನ್ನಿಸುತ್ತದೆ. ಹಿಟ್ ಹಾಡು ಕಿವಿಗೆ ಬೀಳುವುದು ಬಸ್ಸಿನಲ್ಲೋ ಮಾರ್ಕೆಟ್ಟಿನಲ್ಲೋ, ಹತ್ತು ಜನರ ಗಲಾಟೆಯ ನಡುವೆ. ಈ ರೆಕಾರ್ಡು ಎಷ್ಟೋ ಜನಕ್ಕೆ ಸಿಕ್ಕಿದ್ದು ಹಾಗಲ್ಲ. "ಇಲ್ಲಿ ಬಾ, ಕೂತ್ಕೋ, ಇದನ್ನೊಮ್ಮೆ ಕೇಳು" ಅಂತ ಒಬ್ಬರು ಇನ್ನೊಬ್ಬರನ್ನು ಕೂರಿಸಿ ಕೇಳಿಸಿದ ರೆಕಾರ್ಡು ಇದು. ಮೊದಲ ಸಲವೇ ಗಮನ ಕೊಟ್ಟು ಕೇಳಿದ ಹಾಡು ಬೇರೆ ರೀತಿ ನೆನಪಿನಲ್ಲಿ ಉಳಿಯುತ್ತದೆ, ಅಲ್ವಾ? ಯಾರು ಕೇಳಿಸಿದರು ಅನ್ನೋದೂ ಹಾಡಿನ ಜೊತೆಗೇ ಉಳಿದುಬಿಡುತ್ತದೆ.

ಹಾಡಿನೊಳಗೆ ಏನಿದೆ

ಆ ಆಲ್ಬಂನ 'ಟಿನ್ಸೆಲ್‌ಟೌನ್ ಇನ್ ದ ರೇನ್' ಹಾಡನ್ನೇ ತೆಗೆದುಕೊಳ್ಳಿ. ಬೆಲ್ ಅವರ ಬೇಸ್ ಗಟ್ಟಿಯಾಗಿ, ಕುಣಿಸುವ ಹಾಗೆ ಹೆಜ್ಜೆ ಹಾಕುತ್ತದೆ. ಮೇಲೆ ಗಿಟಾರಿನ ಚಿಕ್ಕ ಚಿಕ್ಕ ಮೀಟು, ಹಿಂದಿನಿಂದ ತಂತಿವಾದ್ಯಗಳು. ಸಂಗೀತದಲ್ಲಿ ಹುಮ್ಮಸ್ಸು ಇದೆ. ಹಾಡುವವನ ಮಾತಿನಲ್ಲಿ ಮಾತ್ರ ಅನುಮಾನ ಇದೆ. ನಿನ್ನನ್ನು ಪ್ರೀತಿಸ್ತೀನಾ ಅಂತ ತನ್ನನ್ನೇ ಕೇಳಿಕೊಳ್ಳುತ್ತಾನೆ. ಹೌದು ಅಂತ ತಾನೇ ಉತ್ತರ ಕೊಡುತ್ತಾನೆ. ಆದರೆ ಆ ಹೌದು ಅಲ್ಲಿಗೇ ನಿಲ್ಲುವುದಿಲ್ಲ. ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ. ಮಳೆಯಲ್ಲಿ ಮಿನುಗುತ್ತಿರುವ ಊರು ಸುಮ್ನೆ ನೋಡುತ್ತಾ ಇರುತ್ತದೆ.

ಎರಡನೇ ಆಲ್ಬಂ 'ಹ್ಯಾಟ್ಸ್' ಬಂದಿದ್ದು 1989ರಲ್ಲಿ, ಐದು ವರ್ಷದ ನಂತರ. ಅದರಲ್ಲೂ ಏಳೇ ಹಾಡು. ನಡುವಿನ ವರ್ಷಗಳು ಅವರಿಗೆ ಬಹಳ ಕಷ್ಟದವು. ಕಾಸಲ್ ಸೌಂಡ್ ಸ್ಟುಡಿಯೋದಲ್ಲಿ ಕೂತರೂ ಹಾಡು ಹುಟ್ಟುತ್ತಿರಲಿಲ್ಲ. ಮಾಡಿದ್ದು ಮನಸ್ಸಿಗೆ ಒಪ್ಪದೆ ಪಕ್ಕಕ್ಕೆ ಇಟ್ಟರು. ಕೊನೆಗೆ ಗ್ಲಾಸ್ಗೋಗೆ ವಾಪಸಾದರು. ಮನೆ, ಊರು, ದಿನನಿತ್ಯದ ಓಡಾಟ ಮತ್ತೆ ಸಿಕ್ಕ ಮೇಲೆ ಹಾಡುಗಳು ಬಂದವು. ಆಮೇಲೆ ಅದೇ ಸ್ಟುಡಿಯೋಗೆ ಹೋದಾಗ ಕೆಲಸ ಬೇಗನೇ ಮುಗಿಯಿತು.

'ಹ್ಯಾಟ್ಸ್' ಆಲ್ಬಂನ 'ದ ಡೌನ್‌ಟೌನ್ ಲೈಟ್ಸ್' ಆರು ನಿಮಿಷಕ್ಕೂ ಜಾಸ್ತಿ ಇದೆ. ಡ್ರಮ್ ಮಷೀನು ಒಂದೇ ಸಮನೆ ತಟ್ಟುತ್ತಿರುತ್ತದೆ. ಸಿಂಥಸೈಜರಿನ ಸ್ವರಗಳು ಅಗಲವಾಗಿ ಹರಡಿಕೊಳ್ಳುತ್ತವೆ. ಇಷ್ಟರ ನಡುವೆ ಒಬ್ಬ ಮನುಷ್ಯ ತನ್ನವಳ ಜೊತೆ ಮಾತಾಡುತ್ತಿದ್ದಾನೆ. ಎಲ್ಲಾ ಸರಿಹೋಗುತ್ತದೆ ಅನ್ನುತ್ತಾನೆ. ಆದರೆ ನಿನಗೂ ಹಾಗೇ ಅನಿಸುತ್ತಾ, ಇದು ನಿಜವಾ, ನನಗೆ ಗೊತ್ತಾಗುವುದು ಹೇಗೆ ಅಂತ ಮತ್ತೆ ಮತ್ತೆ ಕೇಳುತ್ತಾನೆ. ಬಹಳ ಹೊತ್ತು ದನಿ ಹಿಡಿತದಲ್ಲೇ ಇರುತ್ತದೆ. ಕೊನೆಗೆ ಆ ಹಿಡಿತ ತಪ್ಪುತ್ತದೆ. ನಿಯಾನ್ ದೀಪ, ಸಿಗರೇಟು, ಬಾಡಿಗೆ ಕೋಣೆ, ಬಾಡಿಗೆ ಕಾರು, ಖಾಲಿ ಬಾರು, ಚಿಮಣಿ ಅಂತ ಊರಿನ ವಸ್ತುಗಳನ್ನು ಒಂದರ ಹಿಂದೆ ಒಂದು ಹೇಳುತ್ತಾ ಹೋಗುತ್ತಾನೆ. ಅದರಲ್ಲಿ ಒಂದು ಉಪಮೆಯಿಲ್ಲ, ಒಂದು ವಿವರಣೆಯಿಲ್ಲ. ಬರೀ ಪಟ್ಟಿ. ಆದರೂ ಗಂಟಲು ಕಟ್ಟುತ್ತದೆ. ಅಷ್ಟು ಹೊತ್ತು ಬಾಯಿಬಿಟ್ಟು ಹೇಳದೇ ಇದ್ದದ್ದೆಲ್ಲ ಆ ಪಟ್ಟಿಯಲ್ಲಿ ಹೊರಬರುತ್ತದೆ.

ಇದೇ ಆಲ್ಬಂನ 'ಫ್ರಮ್ ಎ ಲೇಟ್ ನೈಟ್ ಟ್ರೈನ್' ಹಾಡಿನಲ್ಲಿ ತಾಳದ ಸದ್ದೇ ಇಲ್ಲ. ಪಿಯಾನೋ, ದೂರದಲ್ಲಿ ಟ್ರಂಪೆಟ್ ದನಿ, ಬ್ಯುಕ್ಯಾನನ್ ಕಂಠ, ಅಷ್ಟೇ. ಸಂಬಂಧವೊಂದು ಮುಗಿದಿದೆ ಅನ್ನೋದು ಗೊತ್ತಾಗುತ್ತದೆ. ಯಾಕೆ ಮುಗಿಯಿತು, ಯಾರದು ತಪ್ಪು, ಅದನ್ನು ಹಾಡು ಹೇಳುವುದಿಲ್ಲ.

ನನ್ನ ಪ್ರಕಾರ ಈ ಪ್ರೀತಿಯ ನಡುಗಂಬ ಇಲ್ಲಿದೆ. ಹಾಡಿನಲ್ಲಿ ಹೆಸರಿಲ್ಲ, ಘಟನೆ ಇಲ್ಲ, ತೀರ್ಪಿಲ್ಲ. ಊರಿದೆ, ಹೊತ್ತಿದೆ, ಒಂದು ಪ್ರಶ್ನೆ ಇದೆ. ಉಳಿದದ್ದನ್ನು ಕೇಳುಗರು ತಮ್ಮ ಬದುಕಿನಿಂದ ತುಂಬಬೇಕು. ಹಾಗೆ ತುಂಬಿದ ಮೇಲೆ ಹಾಡು ಅವರದ್ದೇ ಆಗಿಬಿಡುತ್ತದೆ. ಇಪ್ಪತ್ತೈದರಲ್ಲಿ ಕೇಳಿದಾಗ ಹೊಸ ಪ್ರೀತಿಯ ಹಾಡು. ನಲವತ್ತೈದರಲ್ಲಿ ಅದೇ ಹಾಡು ಸುಸ್ತಾದ ದಾಂಪತ್ಯದ ಹಾಡು. ಬ್ಯಾಂಡು ಹೊಸ ಆಲ್ಬಂ ಕೊಡದಿದ್ದರೂ ಕೇಳುಗರಿಗೆ ಹೊಸ ಹಾಡು ಸಿಗುತ್ತಾ ಹೋಗಿದ್ದು ಹೀಗೆ.

ಇನ್ನೊಂದು ಕಾರಣ ಬ್ಯುಕ್ಯಾನನ್ ಅವರ ದನಿ. ಕಂಠದ ಕಸರತ್ತು ತೋರಿಸುವ ಹಾಡುಗಾರ ಅವರಲ್ಲ. ಸ್ವಲ್ಪ ಒಡೆದ, ದಣಿದ ದನಿ. ಪಕ್ಕದಲ್ಲಿ ಕೂತು ಹೇಳಿಕೊಳ್ಳುವ ಹಾಗೆ ಹಾಡುತ್ತಾರೆ. ಎತ್ತರಕ್ಕೆ ಹೋದಾಗಲೂ ಅದು ಪ್ರದರ್ಶನ ಅನ್ನಿಸುವುದಿಲ್ಲ, ತಡೆದುಕೊಳ್ಳಲು ಆಗಲಿಲ್ಲ ಅನ್ನಿಸುತ್ತದೆ.

ಒಂದು ಕೈಯಿಂದ ಇನ್ನೊಂದು ಕೈಗೆ

'ಹ್ಯಾಟ್ಸ್' ಬ್ರಿಟನ್ನಿನಲ್ಲಿ 12ನೇ ಸ್ಥಾನಕ್ಕೆ ಏರಿತು. ಮೊದಲ ಆಲ್ಬಂ 80, ಎರಡನೆಯದು 12. ಈ ಐದು ವರ್ಷದಲ್ಲಿ ಬ್ಯಾಂಡು ಹೊಸದೇನೂ ಕೊಟ್ಟಿರಲಿಲ್ಲ, ಊರೂರು ತಿರುಗಿ ಕಛೇರಿಯನ್ನೂ ಮಾಡಿರಲಿಲ್ಲ. ಅವರ ಮೊದಲ ಟೂರ್ ನಡೆದಿದ್ದೇ 1990ರಲ್ಲಿ. ಹಾಗಾದರೆ ಕೇಳುಗರು ಹೆಚ್ಚಿದ್ದು ಹೇಗೆ? ವಿಮರ್ಶಕರ ಹೊಗಳಿಕೆಯ ಪಾಲು ಖಂಡಿತ ಇದೆ. ಅದಕ್ಕಿಂತ ದೊಡ್ಡ ಪಾಲು, ಇದ್ದ ಕೇಳುಗರು ತಮಗೆ ಬೇಕಾದವರಿಗೆ ಕೇಳಿಸಿದ್ದು. ಕ್ಯಾಸೆಟ್ಟಿಗೆ ತುಂಬಿಕೊಟ್ಟಿದ್ದು, ರೆಕಾರ್ಡು ಎರವಲು ಕೊಟ್ಟಿದ್ದು, ಆ ಕಾಲದಲ್ಲಿ ಸಂಗೀತ ಹರಡುತ್ತಿದ್ದ ದಾರಿಯೇ ಅದಾಗಿತ್ತು. ಹಿಟ್ ಆಗದ ಬ್ಯಾಂಡಿಗಂತೂ ಬೇರೆ ದಾರಿ ಇರಲಿಲ್ಲ.

ಸಂಗೀತಗಾರರೂ ಇದನ್ನೇ ಮಾಡಿದರು. ಅಮೆರಿಕದ ಹಾಡುಗಾರ್ತಿ ರಿಕಿ ಲೀ ಜೋನ್ಸ್ ಮೊದಲ ಆಲ್ಬಂನ 'ಈಸ್ಟರ್ ಪರೇಡ್' ಹಾಡನ್ನು ಬ್ಯಾಂಡಿನ ಜೊತೆ ಹಾಡಿದರು. 'ದಿ ಬ್ಯಾಂಡ್' ಎಂಬ ಹೆಸರಿನದೇ ಆದ ಇನ್ನೊಂದು ತಂಡದ ರಾಬಿ ರಾಬರ್ಟ್‌ಸನ್ ತಮ್ಮ 1991ರ ಆಲ್ಬಂಗೆ ಇವರನ್ನು ಕರೆಸಿಕೊಂಡರು. 1995ರಲ್ಲಿ ಸ್ಕಾಟ್ಲೆಂಡಿನ ಹಾಡುಗಾರ್ತಿ ಆ್ಯನಿ ಲೆನಾಕ್ಸ್ 'ದ ಡೌನ್‌ಟೌನ್ ಲೈಟ್ಸ್' ಹಾಡಿದರು. ಅದೇ ವರ್ಷ ಬ್ರಿಟನ್ನಿನ ರಾಕ್ ಹಾಡುಗಾರ ರಾಡ್ ಸ್ಟೀವರ್ಟ್ ಕೂಡ ಹಾಡಿದರು. ಟಾಪ್ 40 ತಲುಪದ ಒಂದು ಹಾಡನ್ನು ಇಷ್ಟು ದೊಡ್ಡ ಹೆಸರಿನ ಇಬ್ಬರು ಒಂದೇ ವರ್ಷ ಎತ್ತಿಕೊಂಡರು! ಅದನ್ನು ಕೇಳಿ ಮೂಲ ಯಾರದು ಅಂತ ಹುಡುಕಿ ಬಂದವರು ಎಷ್ಟೋ.

ನಡುವೆ ಬಂದ ಪರೀಕ್ಷೆ

ಕಡಿಮೆ ಕೊಟ್ಟಿದ್ದೇ ಪ್ರೀತಿಗೆ ಕಾರಣ ಅನ್ನುವವರು 1996ನ್ನು ನೋಡಬೇಕು. ಏಳು ವರ್ಷ ಕಾದ ಮೇಲೆ 'ಪೀಸ್ ಅಟ್ ಲಾಸ್ಟ್' ಬಂತು, ಈ ಸಲ ವಾರ್ನರ್ ಎಂಬ ದೊಡ್ಡ ಕಂಪನಿಯಿಂದ. ಅಷ್ಟು ಕಾದವರಿಗೆ ಸಿಕ್ಕಿದ್ದು ಬೇರೆಯೇ ಸದ್ದು. ಸಿಂಥ್ ಹಿಂದೆ ಸರಿದಿತ್ತು, ಅಕೂಸ್ಟಿಕ್ ಗಿಟಾರು ಮುಂದೆ ಬಂದಿತ್ತು. ಮೊದಲ ಹಾಡಿನಲ್ಲೇ ಚರ್ಚಿನ ಗಾಸ್ಪೆಲ್ ಶೈಲಿಯ ಗಾಯನ ಇತ್ತು. ರಾತ್ರಿಯ ಊರು ಮರೆಯಾಗಿ ಮನೆ, ಸಂಸಾರ, ದೇವರು ಬಂದಿದ್ದರು. ಅಭಿಮಾನಿಗಳಲ್ಲಿ ಎರಡು ಗುಂಪಾಯಿತು. ನನಗೂ ಈ ಆಲ್ಬಂ ಉಳಿದವುಗಳ ಮಟ್ಟಕ್ಕೆ ಬಂದಿದೆ ಅನ್ನಿಸುವುದಿಲ್ಲ, ಕೆಲವು ಹಾಡು ಸಡಿಲವಾಗಿವೆ. ಆದರೆ ಅದರಲ್ಲೇ 'ಫ್ಯಾಮಿಲಿ ಲೈಫ್' ಇದೆ. ಕ್ರಿಸ್‌ಮಸ್ ರಾತ್ರಿ, ಒಡೆಯುತ್ತಿರುವ ಒಂದು ಮನೆ, ದೇವರ ಮುಂದೆ ಅಂಗಲಾಚುವ ಒಬ್ಬ ಮನುಷ್ಯ. ಇಷ್ಟು ನೇರವಾಗಿ, ಇಷ್ಟು ನೋವಿನಿಂದ ಅವರು ಬೇರೆಲ್ಲೂ ಹಾಡಿಲ್ಲ.

ಬರೀ ಅಪರೂಪ ಅನ್ನೋದರ ಮೇಲೆ ನಿಂತ ಪ್ರೀತಿಯಾಗಿದ್ದರೆ ಈ ನಿರಾಸೆಗೆ ಕುಸಿಯಬೇಕಿತ್ತು. ಕುಸಿಯಲಿಲ್ಲ. ಮತ್ತೆ ಎಂಟು ವರ್ಷ ಕಾದರು. 2004ರಲ್ಲಿ 'ಹೈ' ಬಂದಾಗ ಅದು 10ನೇ ಸ್ಥಾನಕ್ಕೆ ಏರಿತು, ನಾಲ್ಕೂ ಆಲ್ಬಂಗಳಲ್ಲಿ ಅದೇ ಅತಿ ಎತ್ತರ. ಮಧ್ಯವಯಸ್ಸಿನ ಹಾಡುಗಳು ಅವು. 'ಬಿಕಾಸ್ ಆಫ್ ಟೊಲೆಡೊ' ಕೇಳಿದರೆ ಗೊತ್ತಾಗುತ್ತದೆ, ಹಾಡುವವರಿಗೂ ಕೇಳುವವರಿಗೂ ಒಟ್ಟಿಗೇ ವಯಸ್ಸಾಗಿದೆ.

ಆಮೇಲೆ ಬ್ಯಾಂಡು ಹೆಚ್ಚುಕಡಿಮೆ ನಿಂತೇಹೋಯಿತು. ಬ್ಯುಕ್ಯಾನನ್ ಮತ್ತು ಬೆಲ್ ಕೆಲವು ಕಛೇರಿ ಕೊಟ್ಟರು, ಮೂರ್ ಅವರ ಜೊತೆ ಇರಲಿಲ್ಲ. 2012ರಲ್ಲಿ ಬ್ಯುಕ್ಯಾನನ್ ಒಬ್ಬರೇ 'ಮಿಡ್ ಏರ್' ತಂದರು. ಹೆಚ್ಚಾಗಿ ಪಿಯಾನೋ ಮತ್ತು ದನಿ, ಎರಡು ಮೂರು ನಿಮಿಷದ ಪುಟ್ಟ ಹಾಡುಗಳು. ಅದೇ ವರ್ಷ ಮೊದಲ ಎರಡು ಆಲ್ಬಂಗಳೂ ಮರುಮುದ್ರಣವಾದವು. ಜೊತೆಗೆ 'ಐ ಲವ್ ದಿಸ್ ಲೈಫ್', 'ರಿಗ್ರೆಟ್', 'ದ ವೈರ್ಸ್ ಆರ್ ಡೌನ್' ಥರದ ಹಳೇ ಸಿಂಗಲ್ಲು, ಬಿ ಸೈಡುಗಳೂ (ಸಿಂಗಲ್ ರೆಕಾರ್ಡಿನ ಹಿಂಬದಿಯ ಹಾಡುಗಳು) ಬಂದವು. ನಾಲ್ಕೂ ಆಲ್ಬಂ ಸೇರಿ ಇರುವುದೇ 33 ಹಾಡು ಅಂದಾಗ ಒಂದೊಂದು ಬಿ ಸೈಡೂ ಚಿನ್ನ. ಇಲ್ಲಿ ಮಾತ್ರ ಅಪರೂಪದ ವಾದಕ್ಕೆ ನಾನು ತಲೆಬಾಗುತ್ತೇನೆ. ಇರುವುದು ಕಡಿಮೆ ಇದ್ದಿದ್ದರಿಂದ ಜನ ಪ್ರತಿಯೊಂದನ್ನೂ ಬಾಯಿಪಾಠ ಆಗುವಷ್ಟು ಕೇಳಿದರು.

2024ರಲ್ಲಿ ನಡೆದದ್ದು

2024ರ ಏಪ್ರಿಲ್‌ನಲ್ಲಿ ಟೇಲರ್ ಸ್ವಿಫ್ಟ್ ಹೊಸ ಆಲ್ಬಂ ತಂದರು. ಅದರ 'ಗಿಲ್ಟಿ ಆ್ಯಸ್ ಸಿನ್?' ಹಾಡು ಶುರುವಾಗುವುದೇ ಬ್ಲೂ ನೈಲ್ ಹೆಸರಿನಿಂದ. 'ಡೌನ್‌ಟೌನ್ ಲೈಟ್ಸ್' ಹಾಡನ್ನು ಅವನು ತನಗೆ ಕಳಿಸಿದ, ತಾನದನ್ನು ಬಹಳ ದಿನದಿಂದ ಕೇಳಿರಲಿಲ್ಲ ಅನ್ನೋದು ಅಲ್ಲಿ ಬರುವ ಮಾತಿನ ಸಾರ. ಇದು ಬ್ರಿಟನ್ನಿನ ದಿ 1975 ಬ್ಯಾಂಡಿನ ಮ್ಯಾಟಿ ಹೀಲಿ ಕುರಿತದ್ದು ಅಂತ ಜನ ಊಹಿಸಿದರು. ಹೀಲಿ ತಾವು ಬ್ಲೂ ನೈಲ್ ಅಭಿಮಾನಿ ಅಂತ ಮೊದಲೇ ಬಹಿರಂಗವಾಗಿ ಹೇಳಿಕೊಂಡವರು. ಯಾರ ಬಗ್ಗೆ ಬರೆದರು ಅನ್ನೋ ಗಾಳಿಮಾತು ನಮಗೆ ಬೇಡ. ಮುಖ್ಯವಾದದ್ದು, ಆ ಸಾಲು ಕೇಳಿದ ಎಷ್ಟೋ ಎಳೆಯರು 35 ವರ್ಷ ಹಳೆಯ ಒಂದು ಹಾಡನ್ನು ಹುಡುಕಿಕೊಂಡು ಹೋದರು. ಸ್ಟ್ರೀಮಿಂಗ್‌ನಲ್ಲಿ ಅದನ್ನು ಕೇಳುವವರು ಒಮ್ಮೆಲೇ ಜಾಸ್ತಿಯಾದರು.

ಇದನ್ನು ಹಲವರು ಪವಾಡದ ಹಾಗೆ ಬರೆದರು, ಮರೆತುಹೋಗಿದ್ದ ಬ್ಯಾಂಡಿಗೆ ಮರುಜೀವ ಅಂತ. ನನಗೆ ಹಾಗೆ ಕಾಣುವುದಿಲ್ಲ. ಮರೆತವರು ಯಾರು? ಆ ಸಾಲಿನಲ್ಲಿ ಏನು ನಡೆಯುತ್ತಿದೆ ನೋಡಿ: ಒಬ್ಬರು ತಮಗೆ ಬೇಕಾದವರಿಗೆ ಒಂದು ಹಾಡು ಕಳಿಸಿದ್ದಾರೆ. ನಲವತ್ತು ವರ್ಷದಿಂದ ಬ್ಲೂ ನೈಲ್ ಹಾಡು ಹರಡಿದ್ದು ಇದೇ ರೀತಿ. ಆಗ ಕ್ಯಾಸೆಟ್ಟು, ಈಗ ಫೋನಿನಲ್ಲಿ ಒಂದು ಲಿಂಕು. ತಾನು ಬಾಯಿಬಿಟ್ಟು ಹೇಳಲು ಆಗದ್ದನ್ನು ಈ ಹಾಡು ಹೇಳುತ್ತದೆ ಅನ್ನಿಸಿದಾಗ ಮನುಷ್ಯರು ಅದನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ಪ್ರಶ್ನೆಗೆ ಉತ್ತರ ಕೊಡದೆ ಬಿಟ್ಟ ಹಾಡುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂಥವು. ನಿನ್ನನ್ನು ಪ್ರೀತಿಸ್ತೀನಿ ಅಂತ ಒಂದೇ ಏಟಿಗೆ ಹೇಳುವ ಹಾಡು ಸಾವಿರ ಇವೆ. ಇದು ನಿಜವಾ ಅಂತ ಹೆದರುತ್ತಾ ಕೇಳುವ ಹಾಡು ಕಳಿಸಬೇಕಾದ ಸಂದರ್ಭಗಳೇ ಬದುಕಿನಲ್ಲಿ ಜಾಸ್ತಿ.

ಹೊಸಬರು ಬಂದಾಗ ಹಳೇ ಕೇಳುಗರಿಗೆ ಸ್ವಲ್ಪ ಹೊಟ್ಟೆಕಿಚ್ಚು ಆಗುವುದೂ ಸಹಜ. ತಮ್ಮದು ಅಂತ ಇಷ್ಟು ವರ್ಷ ಕಾಪಾಡಿಕೊಂಡ ಗುಟ್ಟು ಎಲ್ಲರ ಬಾಯಿಗೆ ಬಿದ್ದಿತಲ್ಲ ಅನ್ನೋ ಸಂಕಟ ಅದು. ಅರ್ಥವಾಗುತ್ತದೆ. ಆದರೆ ಅವರಿಗೂ ಈ ಹಾಡು ಒಂದು ಕಾಲದಲ್ಲಿ ಬೇರೆಯವರು ಕೊಟ್ಟಿದ್ದೇ.

ಹೊಸದಾಗಿ ಕೇಳುವವರಿಗೆ

ನಾಲ್ಕರಲ್ಲಿ ಯಾವುದರಿಂದ ಶುರು ಮಾಡಬೇಕು ಅನ್ನೋದು ಈ ಬ್ಯಾಂಡಿನ ವಿಷಯದಲ್ಲಿ ಮುಗಿಯದ ಚರ್ಚೆ. ನಾನು ಹೇಳುವುದು 'ಹ್ಯಾಟ್ಸ್'. ಏಳು ಹಾಡನ್ನೂ ಇರುವ ಕ್ರಮದಲ್ಲೇ ಕೇಳಿ, ಒಂದೇ ಕೂತಲ್ಲಿ. ಮೊದಲ ಸಲ ಎಲ್ಲಾ ಒಂದೇ ಥರ ಕೇಳಿಸಬಹುದು, ನಿಧಾನ ಅನ್ನಿಸಬಹುದು. ಇನ್ನೊಮ್ಮೆ ಹಾಕಿ. ಆಮೇಲೆ 'ಎ ವಾಕ್ ಅಕ್ರಾಸ್ ದ ರೂಫ್‌ಟಾಪ್ಸ್'. ಅದು ಇನ್ನೂ ವಿಚಿತ್ರ, ಇನ್ನೂ ಧೈರ್ಯದ ಆಲ್ಬಂ, 'ಈಸ್ಟರ್ ಪರೇಡ್' ಬಂದಾಗ ಬೇರೆ ಕೆಲಸ ನಿಲ್ಲಿಸಿ. 'ಹೈ' ಮೂರನೆಯದು. 'ಪೀಸ್ ಅಟ್ ಲಾಸ್ಟ್' ಕೊನೆಗೆ ಇರಲಿ, 'ಫ್ಯಾಮಿಲಿ ಲೈಫ್' ಮಾತ್ರ ಯಾವಾಗ ಬೇಕಾದರೂ ಕೇಳಬಹುದು. 'ಮಿಡ್ ಏರ್' ಬ್ಯಾಂಡಿನ ಲೆಕ್ಕಕ್ಕೆ ಬರುವುದಿಲ್ಲ ಅನ್ನುವವರಿದ್ದಾರೆ. ನಾನು ಅದನ್ನು 'ಹ್ಯಾಟ್ಸ್' ಪಕ್ಕದಲ್ಲೇ ಇಡುತ್ತೇನೆ.